ಗುಂಡಿನ ಸದ್ದು ಕೇಳಿ ಬೆಳೆದವರು

ಹಿಂಸೆಯನ್ನು ಕಣ್ಣಾರೆ ಕಂಡು ಬೆಳೆದ ಮಕ್ಕಳು ಮುಂದೆ ತಾವೂ ಹಿಂಸೆಗೆ ಇಳಿಯುತ್ತಾರೆ ಎಂಬ ಮಾತನ್ನು ಬಹಳಷ್ಟು ಜನ ಒಪ್ಪುತ್ತಾರೆ. ಆದರೆ ಅದನ್ನು ರುಜುವಾತುಪಡಿಸುವುದು ತೋರುವಷ್ಟು ಸುಲಭವಲ್ಲ. ಹೊಡೆದಾಟ ಹೆಚ್ಚಿರುವ ಬೀದಿಗಳಲ್ಲಿ ಬಡತನವೂ ಹೆಚ್ಚಿರುತ್ತದೆ, ಶಾಲೆಗಳು ಸೊರಗಿರುತ್ತವೆ, ಗೆಳೆಯರಲ್ಲಿ ಕೆಲವರು ಆಗಲೇ ದಾರಿ ತಪ್ಪಿರುತ್ತಾರೆ. ಹೀಗಿರುವಾಗ ಒಬ್ಬ ಹುಡುಗನನ್ನು ಅಪರಾಧಕ್ಕೆ ನೂಕಿದ್ದು ಅವನು ಕಂಡ ಹಿಂಸೆಯೋ ಇವೆಲ್ಲದರ ಒಟ್ಟು ಭಾರವೋ ಎಂದು ಬಿಡಿಸಿ ಹೇಳುವುದು ಹೇಗೆ? ಮಕ್ಕಳನ್ನು ಬೇಕೆಂದೇ ಗುಂಡಿನ ದಾಳಿಗೆ ಒಡ್ಡಿ ಪ್ರಯೋಗ ನಡೆಸುವಂತೆಯೂ ಇಲ್ಲ.

ಈ ತೊಡಕನ್ನು ಗಂಭೀರವಾಗಿ ಎದುರಿಸಿದ ಅಧ್ಯಯನವೊಂದು ಅಮೆರಿಕದ ಷಿಕಾಗೊ ನಗರದಲ್ಲಿ 1990ರ ದಶಕದಲ್ಲಿ ಆರಂಭವಾಯಿತು. ಮನೋವೈದ್ಯ ಫೆಲ್ಟನ್ ಅರ್ಲ್ಸ್ ಅವರ ಮುಂದಾಳತ್ವದ ತಂಡವು ನಗರದ ಬೇರೆ ಬೇರೆ ಬಡಾವಣೆಗಳಿಂದ ಹನ್ನೆರಡು ಮತ್ತು ಹದಿನೈದು ವಯಸ್ಸಿನ ಸುಮಾರು 1,500 ಮಕ್ಕಳನ್ನು ಆಯ್ದು, ಕೆಲವು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಮಾತನಾಡಿಸಿತು. ಮೊದಲ ಸಲ ಮನೆ, ಓದು, ಸ್ವಭಾವ, ನೆರೆಹೊರೆ ಕುರಿತ ನೂರಕ್ಕೂ ಹೆಚ್ಚು ವಿವರಗಳನ್ನು ಕಲೆಹಾಕಿದರು. ಎರಡನೆಯ ಸಲ, ಹಿಂದಿನ ಒಂದು ವರ್ಷದಲ್ಲಿ ಯಾರಿಗಾದರೂ ಗುಂಡು ಹಾರಿಸಿದ್ದನ್ನು ನೋಡಿದ್ದೀರಾ, ನಿಮ್ಮ ಮೇಲೆಯೇ ಹಾರಿಸಿದ್ದರೇ ಎಂದು ಕೇಳಿದರು. ಮೂರನೆಯ ಸಲ, ಆ ಮಕ್ಕಳೇ ಹಿಂಸೆಯಲ್ಲಿ ತೊಡಗಿದ್ದುಂಟೇ ಎಂದು ವಿಚಾರಿಸಿದರು. ಆ ಬಳಿಕ, ಗುಂಡಿನ ದಾಳಿ ಕಾಣುವ ಸಂಭವ ಸರಿಸುಮಾರು ಒಂದೇ ಆಗಿದ್ದ ಮಕ್ಕಳನ್ನು ಗುಂಪುಗೂಡಿಸಿ, ಪ್ರತಿ ಗುಂಪಿನೊಳಗೆ ನಿಜಕ್ಕೂ ಕಂಡವರನ್ನೂ ಕಾಣದೆ ಪಾರಾದವರನ್ನೂ ಹೋಲಿಸಿದರು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಂಡವರು ಮುಂದಿನ ಎರಡು ವರ್ಷಗಳಲ್ಲಿ ತೀವ್ರ ಹಿಂಸೆಗೆ ಇಳಿಯುವ ಸಂಭವ ಸುಮಾರು ಇಮ್ಮಡಿಯಾಗಿತ್ತು. ವಿವರ ಸಿಗದ ಯಾವುದೋ ಅಂಶ ಹಿಂದೆ ಅಡಗಿರಬಹುದೆಂಬ ಶಂಕೆ ಈ ವಿಧಾನಕ್ಕೆ ಎಂದೂ ತಪ್ಪಿದ್ದಲ್ಲ. ಆದರೂ ಬಡತನವೊಂದನ್ನೇ ಬೊಟ್ಟುಮಾಡಿ ಈ ಅಂತರವನ್ನು ವಿವರಿಸಿಬಿಡಲು ಸಾಧ್ಯವಿಲ್ಲ. ಆಯುಧವನ್ನು ಬಚ್ಚಿಟ್ಟುಕೊಂಡು ತಿರುಗುವುದನ್ನೂ ಅಧ್ಯಯನವು ತೀವ್ರ ಹಿಂಸೆಯ ಪಟ್ಟಿಗೆ ಸೇರಿಸಿತ್ತು ಎಂಬುದನ್ನು ಮರೆಯಬಾರದು. ಗುಂಡೇಟು ಕಂಡ ಹುಡುಗ ಜೇಬಿನಲ್ಲಿ ಚೂರಿ ಇಟ್ಟುಕೊಂಡರೆ ಅದರಲ್ಲಿ ಕ್ರೌರ್ಯಕ್ಕಿಂತ ಭಯದ ಪಾಲೇ ಹೆಚ್ಚಿರಬಹುದು.

ಕಂಡದ್ದು ನಡತೆಗೆ ಇಳಿಯುವ ದಾರಿಯ ಬಗ್ಗೆ ಮನಶ್ಶಾಸ್ತ್ರಜ್ಞ ಕೆನೆತ್ ಡಾಡ್ಜ್ ಮತ್ತು ಸಂಗಡಿಗರು 1990ರಲ್ಲೇ ಒಂದು ಸುಳಿವು ಕೊಟ್ಟಿದ್ದರು. ಎಳವೆಯಲ್ಲೇ ಮೈಗೆ ಪೆಟ್ಟು ತಿಂದ ಮಕ್ಕಳು, ಉದ್ದೇಶ ಸ್ಪಷ್ಟವಿಲ್ಲದ ಸನ್ನಿವೇಶದಲ್ಲೂ ಎದುರಿನವರು ಕೇಡು ಬಗೆದೇ ಹಾಗೆ ಮಾಡಿದರೆಂದು ಓದಿಕೊಳ್ಳುತ್ತಿದ್ದರು; ಗುದ್ದಾಟ ಬಿಟ್ಟು ಬೇರೆ ಉಪಾಯ ಅವರಿಗೆ ಸುಲಭವಾಗಿ ಹೊಳೆಯುತ್ತಿರಲಿಲ್ಲ. ಅಪಾಯ ನಿಜವಾಗಿಯೂ ಇರುವ ಬೀದಿಯಲ್ಲಿ ಈ ಅವಸರದ ಓದು ಜೀವ ಉಳಿಸಬಹುದು, ತರಗತಿಯಲ್ಲಿ ಅದೇ ಜಗಳಕ್ಕೆ ನಾಂದಿಯಾಗುತ್ತದೆ.

ಹಾಗೆಂದು ಇದನ್ನು ಹಣೆಬರಹವೆಂದು ತಿಳಿಯುವುದು ತಪ್ಪು. ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ಒಳಗಾಗಿದ್ದ 908 ಮಕ್ಕಳ ದಾಖಲೆಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ವಿಡಮ್ ಪರಿಶೀಲಿಸಿದಾಗ, ಅವರಲ್ಲಿ ಶೇ 26ರಷ್ಟು ಮಂದಿ ಬಾಲಾಪರಾಧಕ್ಕಾಗಿ ಬಂಧನಕ್ಕೊಳಗಾಗಿದ್ದರು. ಅಂಥ ಅನುಭವದ ದಾಖಲೆಯಿಲ್ಲದ ಓರಗೆಯವರಲ್ಲಿ ಈ ಪ್ರಮಾಣ ಶೇ 17. ವ್ಯತ್ಯಾಸ ದೊಡ್ಡದೇ. ಆದರೆ ಉಳಿದ ಶೇ 74ರಷ್ಟು ಮಕ್ಕಳ ಮೇಲೆ ಬಾಲಾಪರಾಧದ ಬಂಧನವೇ ದಾಖಲಾಗಿರಲಿಲ್ಲ ಎಂಬುದನ್ನು ಸುದ್ದಿಯ ತಲೆಬರಹಗಳು ಹೇಳುವುದು ಅಪರೂಪ.

ಅವಸರದ ಓದನ್ನು ನಿಧಾನಗೊಳಿಸಬಹುದೇ ಎಂಬ ಪ್ರಶ್ನೆಗೂ ಷಿಕಾಗೊದಲ್ಲೇ ಪರೀಕ್ಷೆ ನಡೆಯಿತು. ಅಲ್ಲಿನ ಶಾಲೆಗಳಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮದಡಿ ಹುಡುಗರಿಗೆ ಒಂದು ಆಟವಾಡಿಸುತ್ತಾರೆ. ಜೋಡಿಯಲ್ಲಿ ಒಬ್ಬನ ಮುಷ್ಟಿಯಲ್ಲಿ ಚೆಂಡು; ಮೂವತ್ತು ಸೆಕೆಂಡಿನೊಳಗೆ ಅದನ್ನು ಪಡೆಯಬೇಕೆಂದು ಇನ್ನೊಬ್ಬನಿಗೆ ಹೇಳಲಾಗುತ್ತದೆ. ಹೆಚ್ಚುಕಡಿಮೆ ಎಲ್ಲರೂ ಮುಷ್ಟಿ ಬಿಡಿಸಲು ಎಳೆದಾಡುತ್ತಾರೆ. “ಕೊಡು ಎಂದು ಏಕೆ ಕೇಳಲಿಲ್ಲ?” ಎಂದರೆ, ಕೇಳಿದರೂ ಅವನು ಕೊಡುತ್ತಿರಲಿಲ್ಲ, ತನ್ನನ್ನು ಪುಕ್ಕಲನೆಂದು ತಿಳಿಯುತ್ತಿದ್ದ ಎಂಬ ಉತ್ತರ ಬರುತ್ತದೆ. ಚೆಂಡು ಹಿಡಿದಿದ್ದವನನ್ನು ವಿಚಾರಿಸಿದರೆ, ಕೇಳಿದ್ದರೆ ಕೊಡುತ್ತಿದ್ದೆ ಎನ್ನುತ್ತಾನೆ. ಚೀಟಿ ಎತ್ತಿದಂತೆ ಹುಡುಗರನ್ನು ಎರಡು ಗುಂಪಾಗಿಸಿ ನಡೆಸಿದ ಪರೀಕ್ಷೆಗಳಲ್ಲಿ, ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸಾಪರಾಧದ ಬಂಧನಗಳು ಶೇ 45ರಿಂದ 50ರಷ್ಟು ಇಳಿದವು. ಮೊದಲ ಪರೀಕ್ಷೆಯ ಹುಡುಗರನ್ನು ಮುಂದೆಯೂ ಗಮನಿಸಿದಾಗ, ತರಗತಿಗಳು ನಿಂತ ಮೇಲೆ ಬಂಧನಗಳಲ್ಲಿನ ಈ ಇಳಿಕೆ ಉಳಿದಿರಲಿಲ್ಲ; ಪ್ರೌಢಶಿಕ್ಷಣ ಪೂರೈಸಿದವರ ಪ್ರಮಾಣದಲ್ಲಿ ಮಾತ್ರ ಏರಿಕೆ ಕಂಡುಬಂತು.