ಹಳೆಯ ಶಿಕಾರಿ ರೈಫಲ್ ಕೊಳ್ಳುವ ಮುನ್ನ ನಳಿಗೆಯನ್ನು ನೋಡುವ ಬಗೆ

ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಎರಡು ಮೂರು ತಲೆಮಾರು ಉಳಿದು ಬಂದ ಶಿಕಾರಿ ರೈಫಲ್ಲುಗಳು ಈಗ ಒಂದೊಂದಾಗಿ ಬೆಂಗಳೂರಿಗೆ ಬರುತ್ತಿವೆ. ತೋಟ ನೋಡಿಕೊಳ್ಳುತ್ತಿದ್ದ ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಜಯನಗರದಲ್ಲೋ ವೈಟ್‌ಫೀಲ್ಡಿನಲ್ಲೋ ನೆಲೆಸಿರುತ್ತಾರೆ, ಪರವಾನಗಿ ನವೀಕರಣದ ಓಡಾಟ ಬೇಡವೆನಿಸಿ ಮಾರಲು ಮುಂದಾಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಈಗ ಇವನ್ನು ಕೊಳ್ಳುವವರು ಹೆಚ್ಚಾಗಿ ಗುರಿ ಅಭ್ಯಾಸಕ್ಕಾಗಿ ಅಥವಾ ಹಳೆಯ ಕೈಕೆಲಸದ ಮೇಲಿನ ಪ್ರೀತಿಯಿಂದ ಕೊಳ್ಳುತ್ತಾರೆ. ಅಂಥವರು ರೈಫಲ್ಲನ್ನು ನನ್ನ ಮೇಜಿನ ಮೇಲಿಟ್ಟಾಗ ಮೊದಲು ತೋರಿಸುವುದು ಹೆಗಲಿಗೆ ಒತ್ತಿ ಹಿಡಿಯುವ ವಾಲ್‌ನಟ್ ಮರದ ಸ್ಟಾಕನ್ನು, ಲೋಹದ ಮೇಲಿನ ಕೆತ್ತನೆಯನ್ನು, ತಯಾರಕರ ಹೆಸರನ್ನು. ನಾನು ಮೊದಲು ನೋಡಬಯಸುವುದು ನಳಿಗೆಯ ಒಳಭಾಗವನ್ನು.

ಅದಕ್ಕೆ ಕಾರಣವಿದೆ. ಬಿರುಕುಬಿಟ್ಟ ಸ್ಟಾಕನ್ನು ಕೂಡಿಸಬಹುದು, ಸೋತ ಸ್ಪ್ರಿಂಗನ್ನು ಬದಲಿಸಬಹುದು, ಗುರಿ ಹಿಡಿಯುವ ಸೈಟು ಮುರಿದಿದ್ದರೆ ಅದನ್ನು ಹೊಸದಾಗಿ ಮಾಡಬಹುದು. ಸವೆದ ನಳಿಗೆಗೆ ಮಾತ್ರ ಬದಲಿ ಹಾಕಿಸುವುದು ನಮ್ಮಲ್ಲಿ ಬಹುಮಟ್ಟಿಗೆ ಆಗದ ಕೆಲಸ, ಏಕೆಂದರೆ 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧದ ಭಾಗಗಳೂ ಆಯುಧವೇ ಆಗುತ್ತವೆ ಮತ್ತು ಆ ಕಾಲದ ಕ್ಯಾಲಿಬರಿನ ನಳಿಗೆಗಳು ಇಲ್ಲಿ ಸಿಗುವುದಿಲ್ಲ. ಅಲ್ಲದೆ 2019ರ ತಿದ್ದುಪಡಿಯ ನಂತರ ಒಬ್ಬ ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಆ ಎರಡರಲ್ಲಿ ಒಂದು ಸ್ಥಾನವನ್ನು ಸತ್ತ ನಳಿಗೆಗೆ ಕೊಟ್ಟವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಪರವಾನಗಿದಾರರೊಬ್ಬರು ಇನ್ನೊಬ್ಬರಿಗೆ ಮಾರುವಾಗ ಪೊಲೀಸರಿಗೆ ಅಥವಾ ಜಿಲ್ಲಾ ದಂಡಾಧಿಕಾರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂಬ ನಿಯಮವೂ ಇದೆ. ಪರೀಕ್ಷೆ ಆ ಪತ್ರಕ್ಕೆ ಮೊದಲೇ ಮುಗಿದಿರಬೇಕು, ಏಕೆಂದರೆ ಪತ್ರ ಕೊಟ್ಟ ಮೇಲೆ ಹಿಂದೆ ಸರಿಯಲು ಸಂಕೋಚವೇ ಅಡ್ಡ ಬರುತ್ತದೆ.

ನಳಿಗೆಯಲ್ಲಿ ಸವೆಯುವುದು ಎಷ್ಟು ಸಣ್ಣ ಸಂಗತಿ ಎಂಬುದನ್ನು ಮೊದಲು ತಿಳಿಯಬೇಕು. ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳೂ ಅವುಗಳ ನಡುವೆ ಎದ್ದು ನಿಂತ ಏಣುಗಳೂ ಸೇರಿ ಗುಂಡನ್ನು ತಿರುಗಿಸುತ್ತವೆ. ನಮ್ಮಲ್ಲಿ ಸಾಕಷ್ಟು ಪರಿಚಿತವಾದ .30-06 ರೈಫಲ್ಲಿನಲ್ಲಿ ಏಣಿನಿಂದ ಏಣಿಗೆ ಅಳತೆ 0.300 ಇಂಚು, ತೋಡಿನಿಂದ ತೋಡಿಗೆ 0.308 ಇಂಚು, ಅಂದರೆ ಒಂದೊಂದು ಏಣಿನ ಎತ್ತರ 0.004 ಇಂಚು, ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಆ ರೈಫಲ್ಲಿನ ಗುರಿಯೆಲ್ಲ ನಿಂತಿರುವುದು ಇಷ್ಟೇ ಎತ್ತರದ ಮೇಲೆ.

ಹಳೆಯ ರೈಫಲ್ಲುಗಳ ಈ ಏಣುಗಳಿಗೆ ಎರಡು ಬಗೆಯ ಹಾನಿ ಆಗಿರುತ್ತದೆ, ಮತ್ತು ಅವೆರಡನ್ನೂ ಬೇರೆ ಮಾಡಿ ನೋಡುವುದೇ ಪರೀಕ್ಷೆಯ ತಿರುಳು. ಮೊದಲನೆಯದು ಬೆಂಕಿಯ ಸವೆತ. 1889ರಲ್ಲಿ ರೂಪುಗೊಂಡು ಬ್ರಿಟನ್ನಿನ ತೋಟೆಗಳಲ್ಲಿ (ಕಾರ್ಟ್ರಿಜ್‌ಗಳಲ್ಲಿ) ಬಳಕೆಗೆ ಬಂದ ಕಾರ್ಡೈಟ್ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಶೇ. 58ರಷ್ಟಿತ್ತು, ಅದರ ಉರಿಯ ಕಾವಿಗೆ ನಳಿಗೆಗಳು ಬೇಗ ಸವೆಯುತ್ತಿದ್ದುದರಿಂದಲೇ 1901ರ ಹೊತ್ತಿಗೆ ಆ ಪ್ರಮಾಣವನ್ನು ಶೇ. 30ಕ್ಕೆ ಇಳಿಸಿದರು. ಎರಡನೆಯದು ಉಪ್ಪಿನ ತುಕ್ಕು. ಆಗಿನ ತೋಟೆಗಳ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯೊಳಗೆ ಉಳಿಯುತ್ತದೆ. ಅದು ಅಡಿಗೆ ಉಪ್ಪಿನ ಜಾತಿಗೇ ಸೇರಿದ್ದು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕುದಿಯುವ ನೀರು ಸುರಿದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿದ ಮನೆಗಳ ರೈಫಲ್ಲುಗಳು ಇಂದಿಗೂ ಚೆನ್ನಾಗಿವೆ. ಬರೀ ಎಣ್ಣೆ ಬಟ್ಟೆ ಎಳೆದು ಗೋಡೆಗೆ ತೂಗುಹಾಕಿದ ರೈಫಲ್ಲುಗಳಲ್ಲಿ ಸಕಲೇಶಪುರದ ಒಂದೇ ಮಳೆಗಾಲ ತನ್ನ ಕೆಲಸ ಮುಗಿಸಿರುತ್ತದೆ.

ಪರೀಕ್ಷೆಗೆ ಕೈಹಾಕುವ ಮುನ್ನ ಚೇಂಬರು (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಮತ್ತು ತೋಟೆ ತುಂಬಿಡುವ ಮ್ಯಾಗಜೀನು ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹೊರತೆಗೆಯಬೇಕು. ಆಮೇಲೆ ಶುಚಿ ಮಾಡಬೇಕು. ಕಪ್ಪಾಗಿ ಕಂಡ ನಳಿಗೆಯನ್ನು ನೋಡಿ ಬೇಡವೆನ್ನುವುದು ಎಷ್ಟು ತಪ್ಪೋ, ಎಣ್ಣೆಯ ಮಿರುಗನ್ನು ನೋಡಿ ಒಪ್ಪಿಕೊಳ್ಳುವುದೂ ಅಷ್ಟೇ ತಪ್ಪು. ತೆಳುವಾಗಿ ಬಳಿದ ಎಣ್ಣೆ ಸಣ್ಣ ಗುಳಿಗಳನ್ನು ತುಂಬಿ ಒಳಗೋಡೆಯನ್ನು ಕನ್ನಡಿಯಂತೆ ತೋರಿಸುತ್ತದೆ. ಹಳೆಯ ಗುಂಡುಗಳ ಕ್ಯುಪ್ರೋ-ನಿಕಲ್ ಹೊದಿಕೆ ನಳಿಗೆಯ ಬಾಯಿಯ ಕಡೆ ಗಡ್ಡೆಗಡ್ಡೆಯಾಗಿ ಅಂಟಿಕೊಂಡಿರುತ್ತದೆ. ಬೆಳ್ಳಿಯ ಬಣ್ಣದ ಆ ಪದರದ ಕೆಳಗೆ ಏನಿದೆ ಎಂಬುದು ಅದು ಹೋಗುವ ತನಕ ತಿಳಿಯುವುದಿಲ್ಲ. ಶುಚಿ ಮಾಡಲು ಮಾರುವವರು ಒಪ್ಪದಿದ್ದರೆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ.

ಒಣಗಿದ ನಳಿಗೆಯನ್ನು ಹಿಂಬದಿಯಿಂದ ಕಣ್ಣಿಗೆ ಹಿಡಿದು ಕಿಟಕಿಯ ಹಗಲು ಬೆಳಕಿನ ಕಡೆ ನೋಡಬೇಕು. ಕಿಟಕಿಯ ಸರಳೊಂದರ ನೆರಳು ಒಳಗೋಡೆಯ ಮೇಲೆ ನೇರ ಗೆರೆಯಾಗಿ ಬಿದ್ದರೆ ನಳಿಗೆ ನೆಟ್ಟಗಿದೆ. ನಳಿಗೆಯನ್ನು ತಿರುಗಿಸಿದಾಗ ಗೆರೆ ಒಂದು ಕಡೆ ಮುರಿದಂತೆ ಕಂಡರೆ ಅಲ್ಲಿ ಬಾಗಿದೆ. ಸುತ್ತಲೂ ಕಪ್ಪು ಉಂಗುರದಂತೆ ಕಂಡರೆ ಅಲ್ಲಿ ಉಬ್ಬಿದೆ. ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದ್ದರ ಗುರುತು ಅದು. ಉಬ್ಬಿದ ನಳಿಗೆಯನ್ನು ಯಾವ ಬೆಲೆಗೂ ಕೊಳ್ಳಬಾರದು. ಹೊರಗಿನಿಂದ ಎರಡು ಬೆರಳುಗಳ ನಡುವೆ ನಳಿಗೆಯನ್ನು ನಿಧಾನವಾಗಿ ಸವರಿದರೂ ಕೆಲವೊಮ್ಮೆ ಉಬ್ಬು ಕೈಗೆ ಸಿಗುತ್ತದೆ.

ಬೆಂಕಿಯ ಸವೆತ ಕಾಣುವ ಜಾಗ ಥ್ರೋಟ್, ಅಂದರೆ ಚೇಂಬರ್ ಮುಗಿದು ಏಣುಗಳು ಏಳತೊಡಗುವ ಗಂಟಲು. ಬಾಯಿಯ ಕಡೆಯಿಂದ ಇಣುಕುವವರಿಗೆ ಇದು ಕಾಣುವುದೇ ಇಲ್ಲ, ಆದ್ದರಿಂದ ನಳಿಗೆಯ ಒಳಗೆ ತೂರಿಸಿ ನೋಡುವ ಬೋರ್‌ಸ್ಕೋಪ್ ಬೇಕು. ಒಳ್ಳೆಯ ಗಂಟಲಿನಲ್ಲಿ ಏಣುಗಳ ತುದಿ ಸ್ಪಷ್ಟವಾಗಿ ಇಳಿಜಾರಾಗಿ ಆರಂಭವಾಗುತ್ತದೆ. ಸವೆದ ಗಂಟಲಿನಲ್ಲಿ ಆ ಆರಂಭ ಮುಂದೆ ಸರಿದಿರುತ್ತದೆ ಮತ್ತು ಗೋಡೆ ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದಂತೆ ಬಿರಿದಿರುತ್ತದೆ. ಜೋಡು ನಳಿಗೆಯ ರೈಫಲ್ಲಿನಲ್ಲಿ ಎರಡೂ ಗಂಟಲುಗಳನ್ನು ಹೋಲಿಸಬೇಕು. ಮುಂದಿನ ಟ್ರಿಗರು ಸಾಮಾನ್ಯವಾಗಿ ಬಲ ನಳಿಗೆಯದಾಗಿರುತ್ತದೆ, ಮೊದಲ ಈಡು ಅದರಿಂದಲೇ ಹೊಡೆಯುತ್ತಿದ್ದುದರಿಂದ ಬಲಗಡೆಯದು ಹೆಚ್ಚು ಸವೆದಿರುತ್ತದೆ. ಎರಡೂ ನಳಿಗೆಗಳು ಒಂದೇ ಗುರಿಗೆ ಹೊಡೆಯುವಂತೆ ಕೂಡಿಸಿದ ಆಯುಧದಲ್ಲಿ ಇದು ಸಣ್ಣ ದೋಷವಲ್ಲ.

ನಳಿಗೆಯ ಬಾಯಿಯ ಕಥೆ ಬೇರೆ. ಅಲ್ಲಿ ಸವೆಸುವುದು ಬೆಂಕಿಗಿಂತ ಹೆಚ್ಚಾಗಿ ಶುಚಿ ಮಾಡುವವರ ಕೈ. ಮುಂದಿನಿಂದ ಕಬ್ಬಿಣದ ಗಜ ತೂರಿಸಿ ಉಜ್ಜಿದ ರೈಫಲ್ಲುಗಳಲ್ಲೂ, ಶುಚಿ ಬಟ್ಟೆಯನ್ನು ಒಳಗೆ ಎಳೆಯುವ ಪುಲ್‌ಥ್ರೂ ದಾರವನ್ನು ಒಂದು ಬದಿಗೆ ವಾಲಿಸಿ ಎಳೆದ ರೈಫಲ್ಲುಗಳಲ್ಲೂ ಬಾಯಿ ಗಂಟೆಯ ಬಾಯಂತೆ ಅಗಲವಾಗಿರುತ್ತದೆ ಅಥವಾ ಒಂದೇ ಕಡೆ ತಿಂದುಹೋಗಿರುತ್ತದೆ. ಇದನ್ನು ನಾನು ಮೊನಚಾದ ಹಿತ್ತಾಳೆ ಗೇಜಿನಿಂದ ನೋಡುತ್ತೇನೆ. ಕೆಲವರು ಜೀವಂತ ತೋಟೆಯ ಮೂತಿಯನ್ನೇ ಬಾಯಿಗೆ ತೂರಿಸಿ ನೋಡುತ್ತಾರೆ. ಅದನ್ನು ಎಂದೂ ಮಾಡಬಾರದು, ಮದ್ದಿಲ್ಲದ ಡಮ್ಮಿ ಸಾಕು. ಡಮ್ಮಿಯ ಗುಂಡು ಪೂರ್ತಿ ಒಳಗಿಳಿದು ತೋಟೆಯ ಕಂಠ ನಳಿಗೆಗೆ ತಗುಲಿದರೆ ಬಾಯಿ ಸವೆದಿದೆ, ಇಲ್ಲವೇ ಹಿಂದೆ ಯಾರೋ ಅದನ್ನು ಒಳಗಿನಿಂದ ಕೊರೆದು ರಿಪೇರಿ ಮಾಡಿದ್ದಾರೆ. ಬಾಯಿಯ ಹಾನಿಯನ್ನು ತುದಿ ಕತ್ತರಿಸಿ ಸರಿಪಡಿಸಬಹುದು, ಆದರೆ ನಳಿಗೆಯನ್ನು ಮೊಟಕುಗೊಳಿಸಲು ಆಯುಧ ಕಾಯ್ದೆಯ 6ನೆಯ ಕಲಮಿನಂತೆ ಪರವಾನಗಿ ಬೇಕು. ಮುಂದಿನ ಸೈಟು ತುದಿಗೆ ಅತಿ ಹತ್ತಿರವಿದ್ದರೆ ಅನುಮತಿಯಿಲ್ಲದೆ ಹಿಂದೆಯೇ ಕತ್ತರಿಸಿರಬಹುದೇ ಎಂದು ವಿಚಾರಿಸಬೇಕು.

ಗುಳಿಗಳ ಬಗ್ಗೆ ನನ್ನ ಅಭಿಪ್ರಾಯ ಹಲವರಿಗಿಂತ ಮೃದು. ನಳಿಗೆಯ ಉದ್ದಕ್ಕೂ ಸಣ್ಣ ಗುಳಿಗಳಿದ್ದು, ಏಣುಗಳ ಅಂಚು ಚೂಪಾಗಿದ್ದು, ಗಂಟಲು ಮತ್ತು ಬಾಯಿ ಗಟ್ಟಿಯಾಗಿದ್ದರೆ ಆ ರೈಫಲ್ ಚೆನ್ನಾಗಿಯೇ ಹೊಡೆಯುತ್ತದೆ. ಬೇಗ ಮಲಿನವಾಗುತ್ತದೆ, ಅಷ್ಟೆ. ಫಳಫಳ ಹೊಳೆಯುತ್ತಾ ಏಣು ದುಂಡಗಾಗಿರುವ ನಳಿಗೆಗಿಂತ ಇಂಥದ್ದನ್ನೇ ನಾನು ಆರಿಸುತ್ತೇನೆ.

ಕಣ್ಣಿನ ತೀರ್ಮಾನವನ್ನು ಅಳತೆಯಿಂದ ಒರೆಗೆ ಹಚ್ಚಬೇಕು. ತೋಡಿನ ಅಳತೆಗಿಂತ ತುಸು ದಪ್ಪನಾದ ಶುದ್ಧ ಸೀಸದ ತುಂಡಿಗೆ ಎಣ್ಣೆ ಹಚ್ಚಿ ಹಿಂಬದಿಯಿಂದ ಗಜದಲ್ಲಿ ಒಂದೇ ಸಮನೆ ತಳ್ಳಿದರೆ, ಬಿಗಿ ಎಲ್ಲಿ ಸಡಿಲವಾಗುತ್ತದೆ ಎಂಬುದು ಅಂಗೈಗೇ ತಿಳಿಯುತ್ತದೆ. ಹೊರಬಂದ ಸೀಸದ ಮೇಲೆ ತೋಡು ಏಣುಗಳ ಅಚ್ಚು ಮೂಡಿರುತ್ತದೆ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಯಬಹುದು. ಐದು ತೋಡಿನ ನಳಿಗೆಗಳಲ್ಲಿ ತೋಡಿನ ಎದುರು ಏಣು ಬರುವುದರಿಂದ ಸಾಮಾನ್ಯ ಮೈಕ್ರೋಮೀಟರ್ ತಪ್ಪು ತೋರಿಸುತ್ತದೆ. ಅದಕ್ಕೆ ವಿ ಆಕಾರದ ಅಡಿಪಟ್ಟಿಯ ಉಪಕರಣ ಬೇಕು.

ಕೊನೆಯದಾಗಿ, ಮಾಲೀಕರ ಸಮ್ಮುಖದಲ್ಲಿ ಪರವಾನಗಿ ಪಡೆದ ರೇಂಜಿನಲ್ಲಿ, ಆ ಚೇಂಬರಿಗೆ ಸರಿಯಾದ ತೋಟೆಗಳಿಂದ, ನಳಿಗೆ ಆರಲು ನಡುನಡುವೆ ಬಿಡುವು ಕೊಟ್ಟು ಐದು ಗುಂಡು ಹಾರಿಸಿ ನೋಡಬೇಕು. ಕಾಗದದಲ್ಲಿ ತೂತು ದುಂಡಗಿರದೆ ಉದ್ದುದ್ದವಾಗಿದ್ದರೆ ಗುಂಡು ಅಡ್ಡವಾಗಿ ಉರುಳುತ್ತಾ ಹೋಗಿದೆ, ಏಣುಗಳು ಅದನ್ನು ಹಿಡಿದಿಲ್ಲ. ವ್ಯವಹಾರ ಕುದುರಿದರೆ ಆ ಗುರಿಕಾಗದವನ್ನೂ ಸೀಸದ ತುಂಡನ್ನೂ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಮತ್ತು ರೈಫಲ್ಲಿನ ಸಂಖ್ಯೆ ಬರೆದು, ನಾನು ಕೊಳ್ಳುವವರ ಕೈಗೆ ಕೊಡುತ್ತೇನೆ. ಹತ್ತು ವರ್ಷದ ನಂತರ ಮತ್ತೆ ಅಳೆದಾಗ ಹೋಲಿಸಲು ಅದು ಬೇಕಾಗುತ್ತದೆ.