ಪಲ್ಲಾಸ್ ಕ್ಷುದ್ರಗ್ರಹ: ಜಾತಕದಲ್ಲಿ ಓದುವುದು ಹೇಗೆ?

ಪಲ್ಲಾಸ್ ಅಂದಕೂಡಲೇ ತುಂಬಾ ಜನ "ಬುದ್ಧಿವಂತಿಕೆ" ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ಅಷ್ಟಕ್ಕೆ ಬುಧನೇ ಸಾಕಲ್ವಾ? ಮಾತು, ಲೆಕ್ಕ, ಸುದ್ದಿ ಎಲ್ಲ ಅವನದೇ. ಪಲ್ಲಾಸ್ ಕೆಲಸ ಬೇರೆ. ಚೆಲ್ಲಾಪಿಲ್ಲಿಯಾಗಿ ಬಿದ್ದ ಸಂಗತಿಗಳ ನಡುವಿನ ನಂಟನ್ನು ಕಾಣುವುದು, ಕಂಡ ಮೇಲೆ ಉಪಾಯ ಹೂಡುವುದು.

ಈ ಅರ್ಥ ಗ್ರೀಕ್ ದೇವತೆ ಅಥೀನಾಳ ಕಥೆಯಿಂದ ಬಂತು. ಪಲ್ಲಾಸ್ ಅವಳದೇ ಇನ್ನೊಂದು ಹೆಸರು. ದೇವತೆಗಳ ರಾಜ ಜ್ಯೂಸ್ ತನ್ನ ಗರ್ಭಿಣಿ ಹೆಂಡತಿ ಮೆಟಿಸ್‌ಳನ್ನು ನುಂಗಿಬಿಟ್ಟ. ಆಮೇಲೆ ಅವನ ತಲೆ ಸೀಳಿದಾಗ ಕವಚ ತೊಟ್ಟ ಅಥೀನಾ ಹೊರಬಂದಳು. ಅವಳು ಯುದ್ಧದೇವತೆ, ನಿಜ. ಆದರೆ ಇನ್ನೊಬ್ಬ ಯುದ್ಧದೇವ ಏರೀಸ್ ಹಾಗೆ ರಕ್ತ ಕಂಡರೆ ಕುಣಿಯುವವಳಲ್ಲ, ಹೂಡಿ ಗೆಲ್ಲುವವಳು. ನೇಯ್ಗೆಗೂ ಅವಳೇ ದೇವತೆ. ನನ್ನ ಪ್ರಕಾರ ಓದುವವರಿಗೆ ಕತ್ತಿಗಿಂತ ಮಗ್ಗವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ: ಒಂದೊಂದೇ ನೂಲು ನೋಡುತ್ತಾ ಕೂತರೆ ಚಿತ್ತಾರ ಕಾಣುವುದಿಲ್ಲ.

ಇದಕ್ಕೊಂದು ಕಹಿ ಮುಖವೂ ಇದೆ. ತಾಯಿಯನ್ನು ಕೊಂದ ಒರೆಸ್ಟಿಸ್‌ನ ವಿಚಾರಣೆ ನಡೆದಾಗ ಅಥೀನಾ ಅವನ ಪರ ಮತ ಹಾಕಿದಳು. ಕೊಟ್ಟ ಕಾರಣ, ನನ್ನನ್ನು ಹೆತ್ತ ತಾಯಿ ಇಲ್ಲ ಅಂತ! ಹಾಗಾಗಿ ಜ್ಯೋತಿಷಿಗಳು ಪಲ್ಲಾಸ್‌ನಲ್ಲಿ "ಅಪ್ಪನ ಮಗಳು" ಅನ್ನುವ ಎಳೆಯನ್ನೂ ನೋಡುತ್ತಾರೆ. ಮೇಲಿನವರ ಮೆಚ್ಚುಗೆಗಾಗಿ ಭಾವನೆಯನ್ನು ಬದಿಗೆ ತಳ್ಳುವ ಸ್ವಭಾವ ಅದು. ಚಂದ್ರನ ಜೊತೆ ಬಿಗಿ ದೃಷ್ಟಿ (ನಿಖರ ಕೋನಕ್ಕೆ ತೀರಾ ಹತ್ತಿರದ್ದು) ಇದ್ದರೆ ಇದನ್ನು ಮೊದಲು ಗಮನಿಸಿ.

ಇನ್ನು ಆಕಾಶದ ಕಡೆ. 1802ರ ಮಾರ್ಚ್ 28ರಂದು ಬ್ರೆಮೆನ್‌ನಲ್ಲಿ ಓಲ್ಬರ್ಸ್ ಇದನ್ನು ಕಂಡುಹಿಡಿದರು. ಸಿಕ್ಕ ಕ್ಷುದ್ರಗ್ರಹಗಳಲ್ಲಿ ಇದು ಎರಡನೆಯದು. ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು 4.6 ವರ್ಷ. ಕಕ್ಷೆ ಸುಮಾರು 35 ಡಿಗ್ರಿ ಓರೆ, ಆದ್ದರಿಂದ ಪಲ್ಲಾಸ್ ಎಷ್ಟೋ ಸಲ ರಾಶಿಚಕ್ರದ ಪಟ್ಟಿಯಿಂದ ಆಚೆಯೇ ಇರುತ್ತದೆ. ಜಾತಕದಲ್ಲಿ ರೇಖಾಂಶ (ರಾಶಿಚಕ್ರದ ಉದ್ದಕ್ಕೆ ಅಳೆದ ಸ್ಥಾನ) ಮಾತ್ರ ತೆಗೆದುಕೊಳ್ಳುವುದರಿಂದ "ಮೀನದಲ್ಲಿದೆ" ಅಂತ ಬರೆಯುತ್ತೇವೆ, ಅಷ್ಟೇ. ಗುಂಪಿನಿಂದ ಹೊರಗೆ ನಿಂತು ಇಡೀ ಆಟ ನೋಡುವ ಪಲ್ಲಾಸ್‌ಗೆ ಇದು ಒಪ್ಪುವ ಮಾತೇ.

ಈ ಅರ್ಥಗಳು ಪುರಾತನವಲ್ಲ. 1973ರಲ್ಲಿ ಎಲಿನಾರ್ ಬಾಕ್ ಮೊದಲ ನಾಲ್ಕು ಕ್ಷುದ್ರಗ್ರಹಗಳ ಸ್ಥಾನಪಟ್ಟಿ ಹೊರತಂದ ಮೇಲೆ ಪಾಶ್ಚಾತ್ಯ ಜ್ಯೋತಿಷದಲ್ಲಿ ಇವುಗಳ ಬಳಕೆ ಹೆಚ್ಚಿತು. ಇಲ್ಲಿನ ರಾಶಿಗಳೆಲ್ಲ ಸಾಯನ, ಅಂದರೆ ಪಾಶ್ಚಾತ್ಯರು ಬಳಸುವ ಋತು ಆಧಾರಿತ ಲೆಕ್ಕದವು. ನಮ್ಮಲ್ಲಿನ ನಕ್ಷತ್ರ ಆಧಾರಿತ ನಿರಯನದ ಜೊತೆ ಬೆರೆಸಿದರೆ ಸುಮಾರು 24 ಡಿಗ್ರಿ ತಪ್ಪುತ್ತದೆ.

ಒಂದು ಉದಾಹರಣೆ. ಪಲ್ಲಾಸ್ ಕನ್ಯಾ 12 ಡಿಗ್ರಿ, ಆರನೇ ಮನೆ. ಶನಿ ಮಿಥುನ 13 ಡಿಗ್ರಿ. ಇಬ್ಬರ ನಡುವೆ ಸ್ಕ್ವೇರ್, ಅಂದರೆ 90 ಡಿಗ್ರಿ ದೃಷ್ಟಿ; ನಿಖರ 90ರಿಂದ ಅಂತರ ಬರೀ 1 ಡಿಗ್ರಿ. ಕನ್ಯಾ ಪಲ್ಲಾಸ್‌ಗೆ ಉದ್ದನೆಯ ಪಟ್ಟಿಯಲ್ಲಿ ತಪ್ಪಿದ ಒಂದೇ ಅಂಕಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಆರನೇ ಮನೆ ಆದ್ದರಿಂದ ಇದು ದಿನದ ಕೆಲಸದಲ್ಲೇ ಕಾಣುತ್ತದೆ. ಆದರೆ ಶನಿ ಬಾಯಿ ಕಟ್ಟುತ್ತಾನೆ. ಇನ್ನೊಂದು ಪುರಾವೆ ಸಿಗಲಿ, ಇನ್ನೊಮ್ಮೆ ನೋಡೋಣ ಅನ್ನುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಇದೇ ಪಲ್ಲಾಸ್‌ಗೆ ಶನಿಯ ಬದಲು ಗುರು ತ್ರಿಕೋನದಲ್ಲಿದ್ದರೆ (120 ಡಿಗ್ರಿ ದೂರ) ಕಂಡದ್ದನ್ನು ಕೂಡಲೇ ಹೇಳಿ, ನಾಲ್ಕು ಜನರಿಗೆ ಕಲಿಸಿಯೂ ಬಿಡುತ್ತಾರೆ.

ನಿಖರ ಕೋನದಿಂದ ಅಂತರ 2-3 ಡಿಗ್ರಿಗಿಂತ ಜಾಸ್ತಿ ಇದ್ದರೆ ಸುಮ್ನೆ ಬಿಟ್ಟುಬಿಡಿ. ಸೂರ್ಯ, ಚಂದ್ರ, ಲಗ್ನ ಬಿಂದು, ದಶಮ ಬಿಂದು (MC), ಇವುಗಳಲ್ಲಿ ಯಾವುದನ್ನೂ ಮುಟ್ಟದ ಪಲ್ಲಾಸ್‌ಗೆ ಒಂದು ಸಾಲು ಸಾಕು.