ಹಚ್ಚಿದ ಮೇಲೆ ಆರಿಸಲಾಗದ ಬೂಸ್ಟರ್: ಗಗನಯಾನಕ್ಕೂ ಮೊದಲಿನ ಕಥೆ

ನಮ್ಮದೇ ರಾಕೆಟ್‌ನಲ್ಲಿ ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯಾಕಿಷ್ಟು ತಡ ಅಂತ ಕೇಳುವವರು ಜಾಸ್ತಿ. 2018ರಲ್ಲಿ ಘೋಷಣೆಯಾದಾಗ 2022ರೊಳಗೆ ನಮ್ಮವರು ಹಾರಬೇಕಿತ್ತು. ಇದಕ್ಕೆ ಉತ್ತರ ಹುಡುಕುವ ಮುಂಚೆ ರಾಕೆಟ್‌ನ ಎರಡೂ ಪಕ್ಕ ನಿಂತು ಅದನ್ನು ಮೇಲಕ್ಕೆ ತಳ್ಳುವ ದಪ್ಪ ಬೂಸ್ಟರ್‌ಗಳ ಹಳೆಯ ಕಥೆ ಗೊತ್ತಿರಬೇಕು.

ಇವುಗಳೊಳಗೆ ಇರುವುದು ಘನ ಇಂಧನ. ಅಮೋನಿಯಂ ಪರ್ಕ್ಲೋರೇಟ್, ಅಲ್ಯೂಮಿನಿಯಂ ಪುಡಿ, ಇವೆರಡನ್ನೂ ಹಿಡಿದಿಡುವ ರಬ್ಬರಿನಂಥ ಅಂಟು. ಪಂಪ್ ಇಲ್ಲ, ನಲ್ಲಿ ಇಲ್ಲ. ದೀಪಾವಳಿ ರಾಕೆಟ್ ಇದ್ದ ಹಾಗೆ: ಬತ್ತಿ ಹಚ್ಚಿದರೆ ಮುಗೀತು, ಮಧ್ಯದಲ್ಲಿ ಆರಿಸಲು ಆಗುವುದಿಲ್ಲ. ದಶಕಗಳ ಕಾಲ ಇಂಥ ದೊಡ್ಡ ಬೂಸ್ಟರ್ ಮೇಲೆ ಮನುಷ್ಯರನ್ನು ಕೂರಿಸಿರಲಿಲ್ಲ. ಮತ್ತೆ ಮತ್ತೆ ಬಳಸಬಹುದಾದ ಅಮೆರಿಕದ ನೌಕೆ ಸ್ಪೇಸ್ ಷಟಲ್‌ಗೆ ಖರ್ಚು ಕಡಿಮೆ ಅಂತ 1972ರಲ್ಲಿ ಇದನ್ನೇ ಆರಿಸಿಕೊಂಡರು. 1981ರಲ್ಲಿ ಷಟಲ್ ಹಾರಿತು.

ಯೂಟಾದಲ್ಲಿ ತಯಾರಾದ ಬೂಸ್ಟರ್ ತುಂಡುಗಳು ರೈಲಿನಲ್ಲಿ ಫ್ಲೋರಿಡಾಗೆ ಬರಬೇಕಿತ್ತು. ತುಂಡು ಅಂದ ಮೇಲೆ ಕೀಲು ಬೇಕು. ಸುಮಾರು 3.7 ಮೀಟರ್ ಅಗಲದ ಉಕ್ಕಿನ ಕೊಳವೆಯ ಕೀಲಿನಲ್ಲಿ ಬಿಸಿ ಅನಿಲ ತಡೆಯಲು ಎರಡು ರಬ್ಬರ್ ಉಂಗುರ. ದಪ್ಪ ಬರೀ 7 ಮಿಲಿಮೀಟರ್. ಒಳಗೆ ಒತ್ತಡ ಏರಿದಾಗ ಕೊಳವೆ ಉಬ್ಬಿ ಕೀಲು ಚೂರು ಬಿಚ್ಚಿಕೊಳ್ಳುತ್ತದೆ. ಉಂಗುರ ತಕ್ಷಣ ಹಿಗ್ಗಿ ಆ ಸಂದು ಮುಚ್ಚಬೇಕು. ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾದರೆ ಪಕ್ಕದಿಂದ ಹಬೆ ಹೋಗುತ್ತದಲ್ವಾ? ಚಳಿಯಲ್ಲಿ ಈ ಉಂಗುರಕ್ಕೂ ಹಾಗೇ ಆಗುತ್ತಿತ್ತು.

ಸಂಕಟ ಆಗುವುದು ಇಲ್ಲೇ. ಇದು ಯಾರಿಗೂ ಗೊತ್ತಿರದ ವಿಷಯ ಆಗಿರಲಿಲ್ಲ. 1981ರ ಎರಡನೇ ಹಾರಾಟದಲ್ಲೇ ಒಂದು ಉಂಗುರ ಸುಟ್ಟು ಸವೆದಿತ್ತು. 1985ರ ಜನವರಿಯಲ್ಲಿ ಉಂಗುರಗಳು ಸುಮಾರು 12 ಡಿಗ್ರಿಗೆ ತಣ್ಣಗಾಗಿದ್ದ ಹಾರಾಟದಲ್ಲಿ ಮೊದಲ ಉಂಗುರ ದಾಟಿ ಮಸಿ ಬಂದಿತ್ತು. 1986ರ ಜನವರಿ 27ರ ರಾತ್ರಿ ಫೋನ್ ಸಭೆಯಲ್ಲಿ ಎಂಜಿನಿಯರುಗಳು, ಅದಕ್ಕಿಂತ ಚಳಿಯಿದ್ದರೆ ಬೇಡ ಅಂದರು. ಆಗಲೇ ಹಲವು ಸಲ ಮುಂದೆ ಹೋಗಿದ್ದ ಹಾರಾಟ ಅದು. ಸಭೆ ಮುಗಿಯುವಷ್ಟರಲ್ಲಿ 'ಬೇಡ' ಎನ್ನುವುದು 'ಸರಿ' ಆಗಿತ್ತು. ಮರುದಿನ ಚಾಲೆಂಜರ್ ಎಂಬ ಷಟಲ್ ಏರುವಾಗ ಇದ್ದದ್ದು 2 ಡಿಗ್ರಿ. ಮೊದಲ ಸೆಕೆಂಡಿನಲ್ಲೇ ಬಲಗಡೆ ಕೀಲಿನಿಂದ ಕಪ್ಪು ಹೊಗೆ. 73ನೇ ಸೆಕೆಂಡಿಗೆ ನೌಕೆ ಚೂರಾಯಿತು. ಏಳು ಜನ ಹೋದರು. ಅವರನ್ನು ಎಳೆದು ದೂರ ಒಯ್ಯುವ ವ್ಯವಸ್ಥೆಯೇ ಷಟಲ್‌ನಲ್ಲಿ ಇರಲಿಲ್ಲ.

ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಉಂಗುರದ ತುಂಡನ್ನು ಕ್ಲ್ಯಾಂಪಿನಲ್ಲಿ ಒತ್ತಿ ಐಸ್ ನೀರಿಗೆ ಹಾಕಿ ತೆಗೆದರು. ಅದು ಬೇಗ ಹಿಗ್ಗಲಿಲ್ಲ. ಮೂರನೇ ಉಂಗುರ, ಹೀಟರ್ ಸೇರಿಸಿ ಕೀಲನ್ನೇ ಬದಲಿಸಿದ ಮೇಲೆ 1988ರಲ್ಲಿ ಮತ್ತೆ ಹಾರಿಸಿದರು. ಐದು ತುಂಡಿನ ಇಂಥವೇ ಬೂಸ್ಟರ್‌ಗಳು 2022ರಲ್ಲಿ ಅಮೆರಿಕದ ಚಂದ್ರಯಾತ್ರೆ ಯೋಜನೆ ಆರ್ಟೆಮಿಸ್‌ನ ಮೊದಲ ನೌಕೆಯನ್ನು ಎತ್ತಿದವು.

ಗಗನಯಾನಕ್ಕೆ ಆರಿಸಿಕೊಂಡ ನಮ್ಮ ಎಲ್‌ವಿಎಂ3 ರಾಕೆಟ್‌ನ ಬೂಸ್ಟರ್ ಮೂರು ತುಂಡಿನದು. ಒಂದೊಂದು ಬೂಸ್ಟರ್‌ನಲ್ಲೂ 200 ಟನ್ನಿಗೂ ಜಾಸ್ತಿ ಇಂಧನ. ಮನುಷ್ಯರಿಗಾಗಿ ಕೀಲುಗಳಿಗೆ ಹೆಚ್ಚಿನ ಸುರಕ್ಷೆ ಕೊಟ್ಟ ಎಚ್‌ಎಸ್200 ಬೂಸ್ಟರನ್ನು 2022ರ ಮೇ 13ರಂದು ಶ್ರೀಹರಿಕೋಟದಲ್ಲಿ ನೆಲಕ್ಕೆ ಬಿಗಿದು 135 ಸೆಕೆಂಡ್ ಉರಿಸಿ ನೋಡಿದರು. ಆರಿಸಲು ಆಗದಿದ್ದರೆ ಜನರನ್ನಾದರೂ ಎಳೆದು ದೂರ ಒಯ್ಯಬೇಕು. ಆ ವ್ಯವಸ್ಥೆಯ ಪರೀಕ್ಷೆ 2023ರ ಅಕ್ಟೋಬರ್ 21ರಂದು ನಡೆಯಿತು. ಅವತ್ತು ಬೆಳಿಗ್ಗೆ ಇನ್ನು 5 ಸೆಕೆಂಡ್ ಇದೆ ಅನ್ನುವಾಗ ಕಂಪ್ಯೂಟರ್ ತಡೆಯಿತು. ಕಾರಣ ಹುಡುಕಿದರು, ಸರಿಪಡಿಸಿದರು, ಹತ್ತು ಗಂಟೆಗೆ ಹಾರಿಸಿದರು.